ಕುರಿಯೋ, ಆಡೋ, ಚಿಗರಿಯೋ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಈಗ ಆ ಊರೆಂದರೆ ಎಲ್ಲರ ಕಣ್ಣಿಗೆ ಬರುವುದು ಥರ್ಮಲ್ ಸ್ಥಾವರದ ಚಿಮಣಿ. ಕುಡತಿನಿಗೂ ಬೂದಿಗೂ ಇರುವ ನಂಟು ಅದಕ್ಕಿಂತ ನಾಲ್ಕೈದು ಸಾವಿರ ವರ್ಷ ಹಳೆಯದು. ಅಲ್ಲಿನ ಬೂದಿದಿಬ್ಬವನ್ನು 19ನೇ ಶತಮಾನದಲ್ಲೇ ನ್ಯೂಬೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅಗೆದು ನೋಡಿದ್ದರು. ಇಂಥ ದಿಬ್ಬಗಳ ಬಗ್ಗೆ ನಮ್ಮ ಕಡೆ ಕಥೆಗಳಿಗೇನೂ ಬರವಿಲ್ಲ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ದಹಿಸಿದ ಬೂದಿ ಎಂದು ಇವತ್ತಿಗೂ ಹೇಳುತ್ತಾರೆ. ಈ ದಿಬ್ಬಗಳದ್ದು ಸಗಣಿಯ ಬೂದಿ ಎಂದು ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಅವರು ಕೃಷ್ಣೆಯ ಆಚೆಗಿನ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಕಾಣಿಸಿದವು. 1960ರಲ್ಲಿ ವಿಜ್ಞಾನಿ ಜಾಯ್ನರ್ ಬಳ್ಳಾರಿ ಜಿಲ್ಲೆಯ ದಿಬ್ಬಗಳ ಬೂದಿಯನ್ನು ಪರೀಕ್ಷೆ ಮಾಡಿ ಸಗಣಿಯೇ ಸರಿ ಎಂದರು. ಅಲ್ಲಿಗೆ ದನದ ದೊಡ್ಡಿ ಎಂಬುದು ಇತ್ಯರ್ಥವಾಯಿತು.

ಸಗಣಿ ಅಷ್ಟನ್ನು ಹೇಳಿ ಸುಮ್ಮನಾಗುತ್ತದೆ. ದನಗಳನ್ನು ಹಾಲಿಗೆ ಸಾಕಿದರೋ, ಮಾಂಸಕ್ಕೋ? ಎಷ್ಟು ವಯಸ್ಸಿಗೆ ಕಡಿಯುತ್ತಿದ್ದರು? ಕುರಿ ಇದ್ದವೇ? ಸಾಕಿದ ಪ್ರಾಣಿಗಳು ಇದ್ದೂ ಬೇಟೆಗೆ ಹೋಗುತ್ತಿದ್ದರೇ? ಇದಕ್ಕೆಲ್ಲ ಉತ್ತರ ಇರುವುದು ಎಲುಬಿನಲ್ಲಿ. ಸಂಗನಕಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಮಸ್ಕಿ, ವಟಗಲ್ ಹೀಗೆ ಬಳ್ಳಾರಿ–ರಾಯಚೂರು ಸೀಮೆಯ ಯಾವ ನವಶಿಲಾಯುಗದ ನೆಲೆಯನ್ನು ಅಗೆದರೂ ಮಡಕೆ ಚೂರಿನ ಜೊತೆ ಎಲುಬಿನ ಚೂರು ಬರುತ್ತದೆ.

ಚೂರು ಎಂಬ ಮಾತನ್ನು ಗಟ್ಟಿಯಾಗಿ ಹೇಳಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಬ್ರಶ್ಶಿನಿಂದ ಮಣ್ಣು ಸರಿಸಿದ ಕೂಡಲೇ ಇಡೀ ಅಸ್ಥಿಪಂಜರ ಮಲಗಿರುವುದು ಬಹಳ ಅಪರೂಪ. ತಿಂದು ಎಸೆದ ಎಲುಬು ಅದು. ಮಜ್ಜೆಗಾಗಿ ಒಡೆದಿರುತ್ತಾರೆ, ಉಳಿದದ್ದನ್ನು ನಾಯಿ ಕಡಿದಿರುತ್ತದೆ, ಒಂದಿಷ್ಟು ಒಲೆಗೆ ಬಿದ್ದಿರುತ್ತದೆ. ಆಮೇಲೆ ನಮ್ಮ ಎರೆಮಣ್ಣು ತನ್ನ ಪಾಲಿನ ಕೆಲಸ ಮಾಡುತ್ತದೆ. ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನಲ್ಲಿ ಸಾವಿರಾರು ವರ್ಷ ಕುಳಿತ ಎಲುಬು ಇನ್ನಷ್ಟು ಒಡೆಯುತ್ತದೆ, ಮೇಲೆ ಸುಣ್ಣದ ಗಟ್ಟಿ ಪೊರೆ ಕಟ್ಟುತ್ತದೆ. ಕೊನೆಗೆ ಕೈಗೆ ಬರುವುದು ಒಂದು ಚೀಲ ತುಂಬ ಎರಡು–ಮೂರು ಇಂಚಿನ ತುಂಡುಗಳು.

ಈ ತುಂಡು ಯಾವ ಪ್ರಾಣಿಯದು ಎಂದು ಹೇಳುವುದು ಹೇಗೆ? ಪುಸ್ತಕದಲ್ಲಿ ಚಿತ್ರ ಇರುತ್ತದೆ, ನಿಜ. ಆದರೆ ಚಿತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಲಾಗದು. ಮುರಿದ ಅಂಚಿನಲ್ಲಿ ಒಳಗಿನ ಗೋಡೆ ಎಷ್ಟು ದಪ್ಪ ಎಂದು ಅದು ತೋರಿಸುವುದಿಲ್ಲ. ಅದಕ್ಕೇ ಎಲುಬು ಗುರುತಿಸುವ ಯಾವ ಪ್ರಯೋಗಾಲಯಕ್ಕೆ ಹೋದರೂ ಗೋಡೆಯುದ್ದಕ್ಕೂ ಡಬ್ಬಿಗಳಿರುತ್ತವೆ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಪ್ರಾಣಿಯ ಪೂರ್ತಿ ಎಲುಬು. ಅದು ಯಾವ ಪ್ರಾಣಿ, ಗಂಡೋ ಹೆಣ್ಣೋ, ಸತ್ತಾಗ ವಯಸ್ಸೆಷ್ಟು, ತೂಕವೆಷ್ಟು, ಯಾವ ಊರಿನದು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಅಂಗಡಿಯ ತೂಕದ ಕಲ್ಲು ಮಾಡುವ ಕೆಲಸವನ್ನೇ ಇವು ಮಾಡುತ್ತವೆ: ಗೊತ್ತಿರುವುದನ್ನು ಒಂದು ತಟ್ಟೆಯಲ್ಲಿಟ್ಟು ಗೊತ್ತಿಲ್ಲದ್ದನ್ನು ಇನ್ನೊಂದರಲ್ಲಿ ತೂಗುವುದು. ಇಂಥ ಡಬ್ಬಿಗಳ ಸಾಲಿಗೆ ಹೋಲಿಕೆ ಸಂಗ್ರಹ ಎನ್ನೋಣ.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ತಂತಿ ಕಟ್ಟಿ ನಿಲ್ಲಿಸಿದ ಅಸ್ಥಿಪಂಜರ ನೋಡಿರುತ್ತೀರಿ. ನೋಡಲು ಚೆಂದ, ಈ ಕೆಲಸಕ್ಕೆ ಹೆಚ್ಚುಕಡಿಮೆ ನಿರುಪಯೋಗಿ. ಗುರುತು ಹೇಳುವ ಉಬ್ಬುತಗ್ಗುಗಳು ಬಹುಪಾಲು ಇರುವುದು ಕೀಲಿನ ಮುಖದಲ್ಲಿ. ಕೂಡಿಸಿ ನಿಲ್ಲಿಸಿದರೆ ಆ ಮುಖಗಳೇ ಮುಚ್ಚಿಹೋಗುತ್ತವೆ. ಇಲ್ಲಿ ಬೇಕಾದದ್ದು ಬಿಡಿ ಎಲುಬು. ದನಕ್ಕಾದರೆ ಸುಮಾರು 200 ತುಂಡು, ಪ್ರತಿಯೊಂದರ ಮೇಲೂ ಇಂಡಿಯನ್ ಇಂಕಿನಲ್ಲಿ ಬರೆದ ಸಣ್ಣ ನಂಬರು.

ಕೆಲಸ ನಡೆಯುವ ಕ್ರಮ ಸರಳ. ಮೊದಲು ಇದು ದೇಹದ ಯಾವ ಎಲುಬು, ಎಡದ್ದೋ ಬಲದ್ದೋ ಎಂದು ನೋಡುತ್ತಾರೆ. ಆಮೇಲೆ ಗಾತ್ರ: ದನ–ಎಮ್ಮೆಯಷ್ಟು ದೊಡ್ಡದೋ, ಕುರಿ–ಆಡಿನಷ್ಟೋ, ಮೊಲ–ಮುಂಗುಸಿಯಷ್ಟೋ. ಇಲ್ಲಿಯ ತನಕ ವರ್ಷವೊಂದು ಅಭ್ಯಾಸ ಮಾಡಿದವರಿಗೆ ಕಷ್ಟವಿಲ್ಲ. ಒಂದೇ ಗಾತ್ರದ ಪ್ರಾಣಿಗಳಲ್ಲಿ ಯಾವುದು ಎಂದು ಕೇಳಿದಾಗ ತಜ್ಞರೂ ಎದ್ದು ಡಬ್ಬಿಗಳ ಕಡೆ ಹೋಗುತ್ತಾರೆ.

ಕುರಿ ಮತ್ತು ಆಡನ್ನೇ ನೋಡಿ. ಹಟ್ಟಿಯಲ್ಲಿ ನಿಂತಾಗ ಸಣ್ಣ ಮಗುವೂ ಇದು ಕುರಿ, ಇದು ಆಡು ಎನ್ನುತ್ತದೆ. ತೊಗಲು, ಉಣ್ಣೆ, ಬಾಲ, ಗಡ್ಡ ಎಲ್ಲ ತೆಗೆದು ಎಲುಬು ಮಾತ್ರ ಇಟ್ಟರೆ ಹುಟ್ಟು ಕುರಿಗಾಹಿಯೂ ತಡವರಿಸುತ್ತಾನೆ. ಪಕ್ಕೆಲುಬಿನಲ್ಲಿ ಎರಡಕ್ಕೂ ವ್ಯತ್ಯಾಸ ಹೇಳುವುದು ಅಸಾಧ್ಯ ಎನ್ನುವಷ್ಟು ಕಷ್ಟ. ಕೊಂಬಿನ ಒಳಗಿನ ಎಲುಬು ಸಿಕ್ಕರೆ ಪುಣ್ಯ: ಟಗರಿನದು ಪಕ್ಕಕ್ಕೆ ಸುರುಳಿ ತಿರುಗುತ್ತದೆ, ಆಡಿನದು ಮುಂದಿನ ಅಂಚು ಚೂಪಾಗಿ ಕುಡುಗೋಲಿನಂತೆ ಹಿಂದಕ್ಕೆ ಬಾಗುತ್ತದೆ. ಆದರೆ ನಮ್ಮ ಬಳ್ಳಾರಿ ತಳಿಯ ಕುರಿಯಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇಲ್ಲ, ಗಂಡಿನಲ್ಲೂ ಎಲ್ಲಕ್ಕೂ ಇಲ್ಲ. ಕೊಂಬನ್ನೇ ನೆಚ್ಚಿ ಕುಳಿತರೆ ಹಿಂಡಿನ ಮುಕ್ಕಾಲು ಪಾಲು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಕಣ್ಣು ಹೋಗುವುದು ಮುಂಗಾಲಿನ ಕೆಳಗಿನ ಉದ್ದ ಎಲುಬಿನ ತುದಿಗೆ. ಗೊರಸಿನ ಎರಡು ಬೆರಳು ಕೂಡುವ ಜಾಗ ಅದು. ಅಲ್ಲಿ ಅಕ್ಕಪಕ್ಕ ಎರಡು ಗಾಲಿಯಂಥ ಉಬ್ಬು ಇರುತ್ತವೆ. ಪ್ರತಿ ಗಾಲಿಯ ನಡುವೆ ಒಂದು ಎತ್ತರದ ಏಣು, ಅದರ ಹೊರಮಗ್ಗುಲಿಗೆ ಸ್ವಲ್ಪ ತಗ್ಗಾದ ಭಾಗ. ಆಡಿನಲ್ಲಿ ಈ ಹೊರಭಾಗ ಏಣಿಗೆ ಹೋಲಿಸಿದರೆ ತೀರ ಸಣ್ಣದು, ಕುರಿಯಲ್ಲಿ ಅಷ್ಟು ಸಣ್ಣದಲ್ಲ. ಜರ್ಮನಿಯ ಬೋಸ್ನೆಕ್ 1960ರ ದಶಕದಲ್ಲಿ ಇದನ್ನು ಅಳತೆಗೆ ಇಳಿಸಿದರು. ಹೊರಭಾಗದ ಅಳತೆ ಏಣಿನ ಅಳತೆಯ ಶೇ 63ಕ್ಕಿಂತ ಕಡಿಮೆ ಬಂದರೆ ಆಡು, ಹೆಚ್ಚು ಬಂದರೆ ಕುರಿ. ಕ್ಯಾಲಿಪರ್ ಹಿಡಿದು ಎರಡು ಅಳತೆ, ಒಂದು ಭಾಗಾಕಾರ. ಇಷ್ಟು ಸಲೀಸಾದ ಸೂತ್ರ ಎಲುಬಿನ ಲೋಕದಲ್ಲಿ ಹೆಚ್ಚಿಲ್ಲ.

ಆದರೆ ಬಳ್ಳಾರಿಗೆ ಬಂದ ಕೂಡಲೇ ಈ ಸೂತ್ರಕ್ಕೆ ಒಂದು ಪ್ರಾಣಿ ಅಡ್ಡ ಬರುತ್ತದೆ. ಬೋಸ್ನೆಕ್ ಕೇಳಿಕೊಂಡದ್ದು ಕುರಿಯೋ ಆಡೋ ಎಂಬ ಎರಡೇ ಆಯ್ಕೆಯ ಪ್ರಶ್ನೆ. ಯುರೋಪಿನ ಹಳ್ಳಿಗೆ ಅದು ಬಹುಮಟ್ಟಿಗೆ ಸಾಕು. ನಮ್ಮ ಬಯಲಿನಲ್ಲಿ ಅದೇ ಗಾತ್ರದ ಮೂರನೆಯದೊಂದಿದೆ: ಚಿಗರಿ, ಅಂದರೆ ಕೃಷ್ಣಮೃಗ. ಜೊತೆಗೆ ಚಿಂಕಾರ, ನಾಲ್ಕು ಕೊಂಬಿನ ಹುಲ್ಲೆ. ಎರಡೇ ಉತ್ತರ ಗೊತ್ತಿರುವ ಸೂತ್ರದ ಎದುರು ಚಿಗರಿಯ ಎಲುಬು ಇಟ್ಟರೆ ಅದು ಕುರಿ ಎಂದೋ ಆಡು ಎಂದೋ ಹೇಳಿಬಿಡುತ್ತದೆ, ಮೂರನೆಯ ಉತ್ತರ ಅದಕ್ಕೆ ಗೊತ್ತೇ ಇಲ್ಲ. ಹೀಗೆ ಹೋದ ತಪ್ಪಿನ ಪರಿಣಾಮ ಸಣ್ಣದಲ್ಲ. ಬೇಟೆಯಾಡಿದ ಚಿಗರಿಗಳೆಲ್ಲ ಆಡಿನ ಲೆಕ್ಕಕ್ಕೆ ಸೇರಿದರೆ ಆ ಊರಿನವರು ಬೇಟೆಯನ್ನೇ ಬಿಟ್ಟವರಾಗುತ್ತಾರೆ. ತಿರುಗುಮುರುಗಾದರೆ ಹಿಂಡು ಕಾಯುತ್ತಿದ್ದವರು ಬೇಟೆಗಾರರಾಗುತ್ತಾರೆ. ಒಂದು ಸಮಾಜದ ಬದುಕಿನ ರೀತಿಯೇ ಗಾಲಿಯಂಥ ಒಂದು ಉಬ್ಬಿನ ಓದಿನಲ್ಲಿ ಬದಲಾಗುತ್ತದೆ.

ಇದನ್ನು ಬಗೆಹರಿಸಲು ಬೇರೆ ದಾರಿ ಇರಲಿಲ್ಲ, ಮೂರೂ ಪ್ರಾಣಿಗಳ ಎಲುಬನ್ನು ಪಕ್ಕಪಕ್ಕ ಇಟ್ಟು ನೋಡಬೇಕಿತ್ತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಿ.ಕೆ. ಥಾಮಸ್ ಮತ್ತು ಅವರ ಜೊತೆಗಾರರು ಆ ಕೆಲಸ ಮಾಡಿ, ಕೃಷ್ಣಮೃಗ, ಆಡು, ಕುರಿಗಳ ಎಲುಬಿನ ವ್ಯತ್ಯಾಸಗಳನ್ನು 2001ರಲ್ಲಿ ಪ್ರಕಟಿಸಿದರು. ಹೋಲಿಕೆ ಸಂಗ್ರಹಕ್ಕೆ ತನ್ನಲ್ಲಿರುವ ಪ್ರಾಣಿ ಮಾತ್ರ ಗೊತ್ತು. ಇಲ್ಲದ್ದನ್ನು ಅದು ಎಂದೂ ಹೇಳಲಾರದು. ಲಂಡನ್ನಿನ ಸಂಗ್ರಹ ಎಷ್ಟೇ ದೊಡ್ಡದಿರಲಿ, ತೆಕ್ಕಲಕೋಟೆಯ ಎಲುಬಿಗೆ ಉತ್ತರ ಬೇಕಾದರೆ ಈ ನೆಲದ ಪ್ರಾಣಿಗಳ ಡಬ್ಬಿಗಳೇ ಬೇಕು.

ದನ–ಎಮ್ಮೆಯ ಜಗಳ ಇಷ್ಟು ಕಠಿಣವಲ್ಲ. ಎಮ್ಮೆಯ ಕೊಂಬಿನ ಎಲುಬನ್ನು ಅಡ್ಡ ಕತ್ತರಿಸಿ ನೋಡಿದರೆ ಚಪ್ಪಟೆ ಮುಕ್ಕೋನ, ದನದ್ದು ದುಂಡು. ದೇಶಿ ದನದ ಡುಬ್ಬದ ವಿಚಾರ ಮಾತ್ರ ನನಗೆ ಯಾವತ್ತೂ ಕುತೂಹಲ. ಡುಬ್ಬ ಬರೀ ಮಾಂಸ ಮತ್ತು ಕೊಬ್ಬು, ಒಳಗೆ ಎಲುಬಿಲ್ಲ, ಮಣ್ಣಿನಲ್ಲಿ ಉಳಿಯುವಂಥದ್ದೇನೂ ಇಲ್ಲ. ಆದರೂ ಬೆನ್ನೆಲುಬಿನ ಕೆಲವು ಮಣಿಗಳ ಮೇಲೆ ಎದ್ದು ನಿಂತ ಮುಳ್ಳಿನ ತುದಿ ಡುಬ್ಬದ ದನದಲ್ಲಿ ಎರಡಾಗಿ ಸೀಳಿರುತ್ತದೆ. ಸಂಗನಕಲ್ಲಿನ ಹತ್ತಿರದ ಹಿರೇಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಹೋರಿಗಳನ್ನು ಕುಟ್ಟಿ ಬಿಡಿಸಿದ್ದಾರಲ್ಲ, ಅದೇ ಹೋರಿಯ ಮಾತನ್ನು ಹೊಲದಲ್ಲಿ ಸಿಕ್ಕ ಈ ಸೀಳು ತುದಿಯೂ ಹೇಳುತ್ತದೆ. ಜರ್ಸಿ, ಎಚ್‌ಎಫ್ ರಕ್ತ ಬೆರೆತ ಇಂದಿನ ಹಸುಗಳ ಎಲುಬನ್ನು ಮಾತ್ರ ಸಂಗ್ರಹದಲ್ಲಿಟ್ಟು ಕುಳಿತರೆ ಇಂಥ ಗುರುತು ಕೈತಪ್ಪುತ್ತದೆ. ಸಂಗ್ರಹಕ್ಕೆ ಬೇಕಾದದ್ದು ಹಳ್ಳಿಯ ದೇಶಿ ದನ, ಬಳ್ಳಾರಿ ಕುರಿ, ರಾಯಚೂರು–ಕೊಪ್ಪಳ ಕಡೆಯ ಕೆಂಗುರಿ.

ಅದೂ ಒಂದೊಂದು ಸಾಲದು. ಒಂದೇ ಕುರಿಯ ಎಲುಬು ಇಟ್ಟುಕೊಂಡವರು ಆ ಒಂದು ಕುರಿಯ ವಿಶೇಷವನ್ನೇ ಇಡೀ ಕುರಿಕುಲದ ಲಕ್ಷಣ ಎಂದುಕೊಳ್ಳುವ ಅಪಾಯವಿದೆ. ಹೋರಿಯ ಮುಂಗಾಲಿನ ಎಲುಬು ಹಸುವಿನದಕ್ಕಿಂತ ಅಗಲ. ಬೀಜ ಒಡೆಸಿದ ಎತ್ತಿನಲ್ಲಿ ಎಲುಬಿನ ತುದಿಗಳು ತಡವಾಗಿ ಬೆಸೆಯುವುದರಿಂದ ಕಾಲು ಉದ್ದ ಬೆಳೆಯುತ್ತದೆ. ವರ್ಷಗಟ್ಟಲೆ ನೊಗ ಎಳೆದ ಎತ್ತಿನ ಗೊರಸಿನ ಎಲುಬುಗಳ ಅಂಚಿನಲ್ಲಿ ಹೆಚ್ಚುವರಿ ಬೆಳವಣಿಗೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಗಂಡು, ಹೆಣ್ಣು, ಎತ್ತು, ಕರು, ಮುದಿ ಎಲ್ಲದರದ್ದೂ ಡಬ್ಬಿ ಬೇಕು.

ವಯಸ್ಸು ಹೇಳುವ ಬಗೆ ನಮ್ಮ ದನದ ಸಂತೆಯಲ್ಲಿ ಎಲ್ಲರಿಗೂ ಬರುತ್ತದೆ. ದಲ್ಲಾಳಿ ಹೋರಿಯ ಬಾಯಿ ಬಿಡಿಸಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಬೆಲೆ ಕಟ್ಟುತ್ತಾನೆ. ಅವನು ನೋಡುವುದು ಕೆಳದವಡೆಯ ಮುಂದಿನ ಹಲ್ಲು. ಪುರಾತತ್ವದವರಿಗೆ ಆ ಭಾಗ್ಯವಿಲ್ಲ. ಮುಂದಿನ ಹಲ್ಲಿನ ಬೇರು ಸಡಿಲ, ಮಣ್ಣಿನಲ್ಲಿ ಮೊದಲು ಉದುರಿಹೋಗುವುದು ಅದೇ. ಹಿಂದಿನ ದವಡೆಹಲ್ಲು ಗಟ್ಟಿಯಾಗಿ ಕೂತಿರುತ್ತದೆ, ಆದ್ದರಿಂದ ಓದು ಅಲ್ಲಿಂದ. ದನದಲ್ಲಿ ಮೊದಲ ಶಾಶ್ವತ ದವಡೆಹಲ್ಲು ಸುಮಾರು 6 ತಿಂಗಳಿಗೆ, ಎರಡನೆಯದು ಒಂದೂಕಾಲರಿಂದ ಒಂದೂವರೆ ವರ್ಷಕ್ಕೆ, ಮೂರನೆಯದು ಎರಡರಿಂದ ಎರಡೂವರೆ ವರ್ಷಕ್ಕೆ ಬರುತ್ತದೆ. ಆಮೇಲೆ ಸವೆತದ ಲೆಕ್ಕ. ಒಂದು ನೆಲೆಯಲ್ಲಿ ಸಿಕ್ಕ ದವಡೆಗಳಲ್ಲಿ ಹೆಚ್ಚಿನವು ಮೂರು–ನಾಲ್ಕು ವರ್ಷದ ಗಂಡಿನವಾದರೆ ಮಾಂಸಕ್ಕೆ ಕಡಿದಿರಬೇಕು. ಎಳೆಗರುಗಳು ಮತ್ತು ಮುದಿ ಹಸುಗಳು ಹೆಚ್ಚಿದ್ದರೆ ಹಾಲಿನ ಕಡೆ ಯೋಚನೆ ಹರಿಯುತ್ತದೆ. ಈ ಓದಿಗೆ ಆಧಾರ ಮತ್ತೆ ಅದೇ: ಹುಟ್ಟಿದ ದಿನ ಮತ್ತು ಸತ್ತ ದಿನ ಎರಡೂ ಗೊತ್ತಿರುವ ದನಗಳ ದವಡೆ.

ಬೂದಿದಿಬ್ಬದ ಸೀಮೆಯಲ್ಲಿ ಇನ್ನೊಂದು ತೊಡಕು ಬೆಂಕಿಯದು. ಎಲುಬು ಸುಟ್ಟಂತೆ ಮೊದಲು ಕಪ್ಪಾಗುತ್ತದೆ, ನಂತರ ಬೂದುನೀಲಿ, ಕೊನೆಗೆ ಸುಣ್ಣದಂತೆ ಬಿಳಿ. ಬಿಳಿಯಾಗುವ ಹೊತ್ತಿಗೆ ಅದು ಕುಗ್ಗಿರುತ್ತದೆ, ಅಡ್ಡ ಬಿರುಕು ಬಿಟ್ಟಿರುತ್ತದೆ. ಕುಗ್ಗಿದ ದೊಡ್ಡ ಟಗರಿನ ಎಲುಬು ಅಳತೆಯಲ್ಲಿ ಸಣ್ಣ ಕುರಿಯಂತೆ ಕಾಣಬಹುದು. ಹೀಗಾಗಿ ಒಳ್ಳೆಯ ಸಂಗ್ರಹದಲ್ಲಿ ಬೇಕೆಂದೇ ಬೇರೆ ಬೇರೆ ಶಾಖದಲ್ಲಿ ಸುಟ್ಟ ಎಲುಬುಗಳ ಡಬ್ಬಿಯೂ ಇರಬೇಕು. ನಾಯಿ ಕಡಿದದ್ದು, ಮುಳ್ಳುಹಂದಿ ಕೆರೆದದ್ದು, ಕಲ್ಲಿನ ಅಲಗಿನಿಂದ ಕೊಯ್ದದ್ದು, ಕಬ್ಬಿಣದ ಮಚ್ಚಿನಿಂದ ಕಡಿದದ್ದು, ಇವುಗಳ ಮಾದರಿಯೂ ಬೇಕಾಗುತ್ತದೆ.

ಸಂಗ್ರಹ ಕಟ್ಟುವ ಕೆಲಸದ ವಾಸನೆಯನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ. ಸತ್ತ ಪ್ರಾಣಿಯ ತೊಗಲು, ಮಾಂಸ ತೆಗೆದು ಎಲುಬನ್ನು ಡ್ರಮ್ಮಿನ ನೀರಿನಲ್ಲಿ ವಾರಗಟ್ಟಲೆ ಕೊಳೆಯಲು ಬಿಡಬೇಕು. ಬಳ್ಳಾರಿಯ ಬಿಸಿಲು ಇದೊಂದಕ್ಕಾದರೂ ಅನುಕೂಲ, ಬೇಸಿಗೆಯಲ್ಲಿ ಬೇಗ ಆಗುತ್ತದೆ. ಹಾಕುವ ಮೊದಲು ನಾಲ್ಕು ಕಾಲಿನ ಎಲುಬನ್ನು ನಾಲ್ಕು ಬೇರೆ ಬಲೆಚೀಲದಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಗೊರಸಿನ ಸಣ್ಣ ಎಲುಬುಗಳು ಬೆರೆತು ಎಡ–ಬಲ, ಹಿಂದು–ಮುಂದು ಬೇರೆ ಮಾಡಲು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬೇಗ ಆಗಲೆಂದು ಕುದಿಸಿದರೆ ಎಳೆ ಪ್ರಾಣಿಯ ಎಲುಬಿನ ತುದಿಗಳು ಕಳಚಿಕೊಳ್ಳುತ್ತವೆ; ಬ್ಲೀಚ್ ಹಾಕಿದರೆ ಬೆಳ್ಳಗೇನೋ ಆಗುತ್ತದೆ, ಕೆಲವು ವರ್ಷದಲ್ಲಿ ಪುಡಿಯಾಗಲು ಶುರುವಾಗುತ್ತದೆ. ಒಂದು ಎಚ್ಚರಿಕೆ: ಕಾರಣ ತಿಳಿಯದೆ ಸತ್ತ ದನ, ಕುರಿಯನ್ನು ಪಶುವೈದ್ಯರು ನೋಡದೆ ಕೊಯ್ಯಬಾರದು. ಆಂಥ್ರಾಕ್ಸ್ ಆಗಿದ್ದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಚಿಗರಿಯಂಥ ಕಾಡುಪ್ರಾಣಿಯದ್ದು ಕಾನೂನಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತದ್ದಾದರೂ ಮನೆಗೆ ತರುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿಯಿಂದ ಸಂಸ್ಥೆಗಳಿಗೆ ಮಾತ್ರ ಸಿಗಬೇಕು.

ಎಲುಬು ಓದುವವರು ನಮ್ಮಲ್ಲಿ ಮೊದಲಿನಿಂದಲೂ ವಿರಳ. ಫೂಟ್ ಮತ್ತು ಅವರ ಮಗ 1880ರ ದಶಕದಲ್ಲಿ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ ಅಗೆದ ಎಲುಬುಗಳನ್ನು ಗುರುತಿಸಿದವರು ಬ್ರಿಟಿಷ್ ಪ್ರಾಣಿವಿಜ್ಞಾನಿ ಲಿಡೆಕ್ಕರ್. ವರದಿ ಬಂದದ್ದು 1886ರಲ್ಲಿ. ಮಸ್ಕಿಯ ಎಲುಬುಗಳನ್ನು ನೋಡಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಭೋಲಾನಾಥ್. ಕರ್ನಾಟಕದೊಳಗೆ ಈ ಕೆಲಸವನ್ನು ಹಚ್ಚಿಕೊಂಡು ಮಾಡಿದವರು ಡಾ. ಕೆ.ಆರ್. ಆಲೂರ್, ವೃತ್ತಿಯಿಂದ ಪಶುವೈದ್ಯರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅಗೆದ ಎಲುಬುಗಳಲ್ಲಿ ಕುದುರೆಯದ್ದೂ ಇದೆ ಎಂದು ಅವರು 1971ರ ವರದಿಯಲ್ಲಿ ಬರೆದಾಗ ದೊಡ್ಡ ಚರ್ಚೆ ಎದ್ದಿತು. ದಕ್ಷಿಣಕ್ಕೆ ಕುದುರೆ ಅಷ್ಟು ಬೇಗ ಬಂದಿತ್ತೇ ಎಂಬ ಪ್ರಶ್ನೆಗೆ ಕುದುರೆ ತಂದವರು ಆರ್ಯರು ಎಂಬ ವಾದವೂ ಅಂಟಿಕೊಂಡು ಮಾತು ಬಿಸಿಯಾಯಿತು. ಆಲೂರ್ ತಮ್ಮ ನಿಲುವು ಬಿಡಲಿಲ್ಲ. ಎಲುಬಿನ ಮಟ್ಟಿಗೆ ಹೇಳುವುದಾದರೆ ಕುದುರೆ, ಕತ್ತೆ, ಕಾಡುಕತ್ತೆ ಮೂರೂ ಒಂದೇ ಕುಲ. ಕೆಳದವಡೆಯ ಹಲ್ಲಿನ ಮೇಲ್ಮೈಯಲ್ಲಿ ಎನಾಮಲ್ಲಿನ ಒಂದು ಮಡಿಕೆ ಕುದುರೆಯಲ್ಲಿ ಅಗಲವಾಗಿ ಬಾಗಿರುತ್ತದೆ, ಕತ್ತೆಯಲ್ಲಿ ಚೂಪಾಗಿರುತ್ತದೆ. ಸವೆದ ಹಲ್ಲಿನಲ್ಲಿ ಈ ವ್ಯತ್ಯಾಸವೂ ಮಸುಕಾಗುತ್ತದೆ. ಮೂರೂ ಪ್ರಾಣಿಗಳ, ಬೇರೆ ಬೇರೆ ವಯಸ್ಸಿನ ಹಲ್ಲುಗಳ ಸಾಲು ಎದುರಿಗಿಲ್ಲದೆ ಇಂಥ ಚರ್ಚೆ ಎಷ್ಟು ವರ್ಷ ನಡೆದರೂ ಮಾತಿನಲ್ಲೇ ಉಳಿಯುತ್ತದೆ.

ಡಿಎನ್‌ಎ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಎಲುಬಿನ ಕೊಲಾಜೆನ್ ಪ್ರೋಟೀನಿನಿಂದಲೂ ಕುರಿ–ಆಡು ಬೇರ್ಪಡಿಸುವ ವಿಧಾನ ಇದೆ, ಯುರೋಪಿನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಆ ಪ್ರೋಟೀನ್ ಉಳಿಯುವುದು ತಣ್ಣನೆಯ ನೆಲದಲ್ಲಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ನಾಲ್ಕು ಸಾವಿರ ವರ್ಷ ಬೆಂದ ಎಲುಬಿನಲ್ಲಿ ಅದು ಉಳಿದಿರುವುದು ಕಡಿಮೆ. ಅದೂ ಅಲ್ಲದೆ ಪ್ರೋಟೀನ್ ಪರೀಕ್ಷೆಗೂ ಗೊತ್ತಿರುವ ಪ್ರಾಣಿಯ ಮಾದರಿ ಮೊದಲು ಬೇಕೇ ಬೇಕು.

ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಹಂಪಿ ಮತ್ತು ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯಗಳಿವೆ, ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಇವರೆಲ್ಲ ಕೂಡಿದರೆ ಒಂದು ಕೋಣೆ ಕಟ್ಟುವುದು ದೊಡ್ಡ ಮಾತಲ್ಲ ಎಂದು ನನ್ನ ಅಭಿಪ್ರಾಯ. ದನ, ಕುರಿಯ ಡಬ್ಬಿಗಳು ಬೇಗ ತುಂಬುತ್ತವೆ. ಹಿಂದೆ ಬೀಳುವುದು ಮೀನು. ಅಗೆದ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಯಿಸಿ ಸೋಸದಿದ್ದರೆ ಮೀನಿನ ಎಲುಬು ಕೈಗೇ ಬರುವುದಿಲ್ಲ. ಬಂದರೂ ಹೋಲಿಸಲು ತುಂಗಭದ್ರೆಯ ಮೀನುಗಳ ಡಬ್ಬಿ ಬೇಕು. 1953ರಲ್ಲಿ ಅಣೆಕಟ್ಟು ನಿಂತ ಮೇಲೆ ನದಿಯೂ ಬದಲಾಗಿದೆ, ಕಾಮನ್ ಕಾರ್ಪ್, ತಿಲಾಪಿಯಾದಂಥ ಹೊರಗಿನ ಮೀನುಗಳು ಬಲೆಗೆ ಬೀಳುತ್ತಿವೆ. ಅವನ್ನು ಬಿಟ್ಟು ಬಾಳೆಮೀನು, ಮುಳ್ಳುಮೀನಿನಂಥ ನಾಡಮೀನುಗಳನ್ನು ಮೀನುಗಾರರಿಂದಲೇ ಕೊಂಡು, ಉದ್ದ ಅಳೆದು, ತೂಕ ಬರೆದಿಟ್ಟುಕೊಂಡು, ಆಮೇಲೆ ಎಲುಬು ಬಿಡಿಸಬೇಕು. ಉದ್ದ–ತೂಕ ಬರೆಯದೆ ಎಲುಬು ಬಿಡಿಸಿದರೆ, ಹಳೆಯ ಪದರದಲ್ಲಿ ಸಿಕ್ಕ ಒಂದು ಬೆನ್ನುಮಣಿ ಅರ್ಧ ಕಿಲೋ ಮೀನಿನದೋ ಐದು ಕಿಲೋದ್ದೋ ಎಂದು ಹೇಳಲಾಗುವುದಿಲ್ಲ.